ಕಟಪಾಡಿ ಕರಾವಳಿ: ಸಮತೋಲವೆಂದರೆ ನಿಶ್ಚಲತೆಯಲ್ಲ

ಕಟಪಾಡಿ ಸಮೀಪದ ಮಟ್ಟು ಪರಿಸರದಲ್ಲಿ ಪ್ರತಿವರ್ಷ ಎರಡು ಬೇಡಿಕೆಗಳು ಕೇಳಿಬರುತ್ತವೆ. ಮಳೆಗಾಲದಲ್ಲಿ ಕಡಲಿಗೆ ಕಲ್ಲು ಹಾಕಿಸಿರೆಂದು, ಬೇಸಿಗೆಯಲ್ಲಿ ಹೊಳೆಯ ಉಪ್ಪುನೀರನ್ನು ತಡೆಯಿರೆಂದು. ಎರಡೂ ನ್ಯಾಯವಾದ ಬೇಡಿಕೆಗಳೇ. ಆದರೆ ಕಡಲು, ಹೊಳೆ ಎಂದೂ ಇದ್ದಂತೆಯೇ ಇರುತ್ತವೆಂಬ ಎಣಿಕೆಯಲ್ಲಿ ಮಾಡಿದ ಕೆಲಸ ಬಹುಕಾಲ ಬಾಳದು.

ಮರಳಿನ ಹೋಗು-ಬರವು

ಮಳೆಗಾಲದ ಬಿರುಸಿನ ಅಲೆಗಳು ದಂಡೆಯ ಮರಳನ್ನು ಒಯ್ದು, ತುಸು ದೂರದಲ್ಲಿ ಕಡಲಡಿಯ ದಿಣ್ಣೆಯಾಗಿ ಇಡುತ್ತವೆ. ಮಳೆ ನಿಂತ ಮೇಲೆ ಶಾಂತವಾದ ಅಲೆಗಳು ಅದರಲ್ಲಿ ಬಹುಪಾಲನ್ನು ಹಿಂದಕ್ಕೆ ತರುತ್ತವೆ. ಮರಳಿ ಬಾರದ ಪಾಲಷ್ಟೇ ನಿಜವಾದ ನಷ್ಟ. ಕಲ್ಲಿನ ಗೋಡೆ ತನ್ನ ಹಿಂದಿನ ಮನೆ, ರಸ್ತೆಗಳನ್ನು ಕಾಯುತ್ತದೆ. ಆದರೆ ಅದಕ್ಕೆ ಬಡಿದ ಅಲೆ ಮುಂದಿನ ಮರಳನ್ನು ಕೆದಕುತ್ತದೆ. ಗೋಡೆ ಮುಗಿಯುವಲ್ಲಿ ಕೊರೆತ ಹೆಚ್ಚುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮಳೆಗಾಲಕ್ಕೆ ಮೊದಲೇ ಜಿಲ್ಲೆಯ ತೀರಕ್ಕೆ ಕಡಲು ಉಕ್ಕಿತು. ಇಂಥ ಹೊಡೆತವನ್ನು ಮೊದಲು ತಾಳುವುದು ದಂಡೆಯ ಮರಳೇ. ಆದುದರಿಂದ ಮನೆಗಳಿರುವಲ್ಲಿ ಕಲ್ಲು ಹಾಕಿದರೂ, ಉಳಿದೆಡೆ ಮರಳು ತೆಗೆಯದೆ, ದಂಡೆಯ ಬಳ್ಳಿ-ಗಿಡ ಕೀಳದೆ ಬಿಡುವುದು ಲೇಸು.

ಗುಳ್ಳದ ಗದ್ದೆಯಲ್ಲಿ

2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಮಟ್ಟುಗುಳ್ಳದ ಬೇಸಾಯವೂ ಈ ಏರಿಳಿತವನ್ನೇ ನಂಬಿದೆ. ಮಳೆಗಾಲದ ನೀರು ಗದ್ದೆಯ ಉಪ್ಪನ್ನು ತೊಳೆಯುತ್ತದೆ. ಭತ್ತದ ಕೊಯ್ಲಾದ ಮೇಲೆ ಅದೇ ನೆಲದಲ್ಲಿ ಗುಳ್ಳ ಬೆಳೆಯುತ್ತದೆ. ಹೊಳೆಯ ಹರಿವು ತಗ್ಗಿದಂತೆ ಭರತದ ಉಪ್ಪುನೀರು ಮೇಲಕ್ಕೇರುತ್ತದೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಲು ತಡವಾದರೆ ಉಪ್ಪು ಒಳಗೇ ಸಿಕ್ಕಿಬೀಳುತ್ತದೆ. ಮಳೆಗೆ ಮುನ್ನ ತೆಗೆಯದಿದ್ದರೆ ನೆರೆ ಗದ್ದೆಗೆ ನುಗ್ಗುತ್ತದೆ. ಅಣೆಕಟ್ಟು ಕಟ್ಟಿದರಷ್ಟೇ ಸಾಲದು, ಹಲಗೆಯ ಹೊಣೆ ಯಾರದೆಂಬುದು ಮೊದಲೇ ಗೊತ್ತಾಗಬೇಕು.

ಬಾವಿಯ ಲೆಕ್ಕ

ತೀರದ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಕಡಲಮಟ್ಟಕ್ಕಿಂತ ಒಂದಡಿ ಎತ್ತರಕ್ಕೆ ನಿಂತ ಸಿಹಿನೀರು, ಉಪ್ಪುನೀರನ್ನು ಸುಮಾರು 40 ಅಡಿ ಕೆಳಗೆ ಒತ್ತಿಹಿಡಿಯುತ್ತದೆಂಬುದು ತಜ್ಞರ ಲೆಕ್ಕ. ಪಂಪಿನಿಂದ ಆ ಒಂದಡಿ ಬರಿದಾದರೆ ಉಪ್ಪು ಅಷ್ಟೇ ಮೇಲೇರಲು ದಾರಿಯಾಗುತ್ತದೆ. ಕಡಲ ಹತ್ತಿರದ ರೈತರು ಆಳದ ಕೊಳವೆಬಾವಿಗಿಂತ ತೆರೆದ ಬಾವಿಯನ್ನೇ ನೆಚ್ಚಿ, ಒಮ್ಮೆಗೇ ಬತ್ತಿಸದೆ ದಿನಕ್ಕೆ ಸ್ವಲ್ಪಸ್ವಲ್ಪವಾಗಿ ನೀರೆತ್ತುವುದು ಒಳ್ಳೆಯದು. ಫೆಬ್ರವರಿಯಿಂದಲೇ ನೀರಿನ ರುಚಿ ನೋಡುತ್ತಿರಬೇಕು. ಮಳೆಗಾಲದಲ್ಲಿ ಕೆರೆ, ಮದಗಗಳನ್ನು ತುಂಬಲು ಬಿಡಬೇಕು.

ಮರಳು, ಉಪ್ಪು, ಸಿಹಿನೀರು ಮೂರಕ್ಕೂ ಬರುವ, ಹೋಗುವ ಕಾಲವಿದೆ. ಪಂಚಾಯತಿನ ಯೋಜನೆಗಳೂ ರೈತರ ಬೇಸಾಯವೂ ಈ ಕಾಲವನ್ನರಿತು ಸಾಗಿದರೆ ಮಟ್ಟುವಿನ ಗದ್ದೆಗಳಿಗೆ ಉಳಿವುಂಟು.