ಕೇಳುಗರು ಕೇಳಿದ್ದರಿಂದಲೇ ಕನ್ನಡ ಬಂತು!



ಆಟೋದಲ್ಲಿ, ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ಎಫ್.ಎಂ. ರೇಡಿಯೋ ಕನ್ನಡ ಹಾಡುತ್ತದೆ. ನಿಮಗದು ಗಾಳಿ ಬೀಸಿದಷ್ಟೇ ಸಹಜ. ಆದರೆ ಅದು ಯಾರೋ ದಯೆ ತೋರಿ ಹಾಕಿದ ಭಿಕ್ಷೆಯಲ್ಲ. ಅದರ ಕಥೆ ನಿಮಗೆ ಗೊತ್ತಿರಬೇಕು.

1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ನಿಲಯ ತೆರೆದರು. ಇಡೀ ದೇಶದ ರೇಡಿಯೋಗೆ 'ಆಕಾಶವಾಣಿ' ಎಂಬ ಹೆಸರು ಹೋದದ್ದು ಆ ಮೈಸೂರಿನಿಂದ! ಅಂಥ ನಾಡಿನ ರಾಜಧಾನಿಯಲ್ಲಿ 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ರೇಡಿಯೋ ಸಿಟಿ ಶುರುವಾಯಿತು. ದಿಲ್ಲಿಗಿಂತ ಮೊದಲು, ಮುಂಬೈಗಿಂತ ಮೊದಲು. ಹೆಮ್ಮೆಯ ಮಾತೇ ಸರಿ. ಆದರೆ ಅಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದೇ ದರ್ಬಾರು. ಮನೆಯೊಡತಿ ಕನ್ನಡಕ್ಕೆ ಮೂಲೆಯ ಮಣೆ!

ಯಾಕೆ ಹೀಗಾಯಿತು? ಹರಾಜಿನಲ್ಲಿ ಹಿಡಿದ ಪರವಾನಗಿಯ ಶುಲ್ಕ ವರ್ಷಕ್ಕೆ ಶೇ. 15ರಂತೆ ಏರುತ್ತಿತ್ತು. ಅದನ್ನು ಕಟ್ಟಲು ಜಾಹೀರಾತು ಬೇಕು. ಜಾಹೀರಾತು ಕೊಡುವವನಿಗೆ ದುಡ್ಡಿರುವ ಕೇಳುಗ ಬೇಕು. ದುಡ್ಡಿರುವವನು ಕನ್ನಡ ಕೇಳುವುದಿಲ್ಲ ಎಂಬ ಭ್ರಮೆ ಪೇಟೆಯಲ್ಲಿ ಬೇರೂರಿತ್ತು.

ಭ್ರಮೆ ಒಡೆಯಿತು. ಸಂಘಟನೆಗಳು ದನಿಯೆತ್ತಿದವು, ಕೇಳುಗರು ಕನ್ನಡ ಹಾಡು ಹಾಕಿ ಎಂದು ಪಟ್ಟು ಹಿಡಿದರು. 2005ರಲ್ಲಿ ಕೇಂದ್ರ ಸರ್ಕಾರ ಏರುವ ಶುಲ್ಕ ತೆಗೆದು, ಒಂದು ಸಲದ ಪ್ರವೇಶ ಶುಲ್ಕ ಮತ್ತು ವರಮಾನದಲ್ಲಿ ಶೇ. 4 ಪಾಲು ಎಂದು ಬದಲಿಸಿತು. 2006ರಲ್ಲಿ ಬೆಂಗಳೂರಿಗೆ ಹೊಸ ನಿಲಯಗಳು ಸಾಲಾಗಿ ಬಂದವು. ಬಿಗ್ ಎಫ್.ಎಂ. ಕನ್ನಡವನ್ನೇ ಮುಂದಿಟ್ಟಿತು. ಆ ವರ್ಷದ ಕೊನೆಗೆ ತೆರೆಕಂಡ 'ಮುಂಗಾರು ಮಳೆ'ಯ ಹಾಡುಗಳು ಊರು ತುಂಬಿದವು. ಕಿವಿಗಳು ಕನ್ನಡದ ಕಡೆ ತಿರುಗಿದವು, ಜಾಹೀರಾತೂ ತಿರುಗಿತು, ಉಳಿದ ನಿಲಯಗಳಲ್ಲಿ ಹಲವೂ ತಿರುಗಿದವು.

ಪ್ರೆಸ್ಸು ನಡೆಸುವ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಕರಪತ್ರ ಹಾಕಿಸಲು ಬರುವ ವ್ಯಾಪಾರಿಗೆ ಯಾವ ಭಾಷೆಯ ಮೇಲೂ ಪ್ರೀತಿಯಿಲ್ಲ, ದ್ವೇಷವೂ ಇಲ್ಲ. ಗಿರಾಕಿ ಏನು ಓದುತ್ತಾನೋ ಅದನ್ನು ಅಚ್ಚು ಹಾಕಿಸುತ್ತಾನೆ. ಗಿರಾಕಿ ಬಾಯಿ ಮುಚ್ಚಿ ಕೂತರೆ ಅವನಿಗೆ ತೋಚಿದ ಭಾಷೆಯೇ ಗತಿ!

ಇನ್ನೊಂದು ಮಾತು ಎದೆಯಲ್ಲಿ ಬರೆದಿಟ್ಟುಕೊಳ್ಳಿ. ಬಾನಲೆಗಳು ಸಾರ್ವಜನಿಕರ ಸ್ವತ್ತು ಎಂದು 1995ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅಂದರೆ ನಿಲಯದವರು ಬಾಡಿಗೆದಾರರು, ನೀವು ಮಾಲೀಕರು. ಮಾಲೀಕ ತನ್ನ ಮನೆಯಲ್ಲಿ ತನ್ನ ನುಡಿ ಕೇಳಲು ಅಂಜಬೇಕೆ?

ಈಗ ಹಾಡು ಮೊಬೈಲಿಗೂ ಬಂದಿದೆ. ಅಲ್ಲೂ ಎಣಿಸುವುದು ಕೇಳುಗರ ತಲೆಯನ್ನೇ. ನೀವು ಕನ್ನಡ ಕೇಳದಿದ್ದರೆ ಗಳಿಸಿದ್ದೂ ಜಾರಿಹೋದೀತು, ಎಚ್ಚರ! ರೇಡಿಯೋಗೆ ಫೋನ್ ಮಾಡಿದಾಗ ಕನ್ನಡದಲ್ಲೇ ಮಾತಾಡಿ. ಕನ್ನಡ ಹಾಡನ್ನೇ ಕೇಳಿ. ಕನ್ನಡದಲ್ಲಿ ಜಾಹೀರಾತು ಕೊಡಿ ಎಂದು ಅಂಗಡಿಯವರಿಗೂ ಹೇಳಿ. ಅಳದ ಮಗುವಿಗೆ ಹೆತ್ತ ತಾಯಿಯೂ ಹಾಲು ಕೊಡಳು.

ಕಿವಿಗೊಟ್ಟು ಕೇಳಿ, ಬಾಯಿಬಿಟ್ಟೂ ಕೇಳಿ!