ಓದಿ ರುಜು ಹಾಕಿರಿ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ಲೇಖನವು ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಆಟಪಾಟಗಳು ಇವುಗಳನ್ನು ಕುರಿತದ್ದಾಗಿರಬೇಕೆಂದು ಎಣಿಸುವುದು ವಾಡಿಕೆ. ಆ ವಿಚಾರಗಳಿಗೆ ಈ ಸಂಚಿಕೆಯಲ್ಲಿ ಬೇರೆ ಪುಟಗಳಿವೆ. ನಾನು ಇಲ್ಲಿ ತಮ್ಮ ಗಮನಕ್ಕೆ ತರಬಯಸುವುದು ನಮ್ಮ ಹೆಣ್ಣುಮಕ್ಕಳ ದುಡಿಮೆಯನ್ನೂ, ಆ ದುಡಿಮೆಗೆ ಸರ್ಕಾರವು ಕೊಟ್ಟಿರುವ ರಕ್ಷಣೆಯನ್ನೂ ಕುರಿತ ವಿಷಯ. ಕಾಯಿದೆ ಕಾನೂನುಗಳು ವಕೀಲರಿಗೆ ಸೇರಿದವು, ಹೆಣ್ಣುಮಕ್ಕಳ ಶಾಲೆಗೆ ಅವುಗಳ ಗೊಡವೆ ಏಕೆ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ನಮ್ಮಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಯರಲ್ಲಿ ಬಹುಮಂದಿ ಇಂದಲ್ಲ ನಾಳೆ ಸಂಬಳಕ್ಕೆ ದುಡಿಯುವವರೇ. ಅವರಿಗೆ ಓದು ಬರಹ ಕಲಿಸಿ ಕಳುಹಿಸಿದ ನಾವು, ಆ ಓದು ಅತ್ಯಂತ ಅಗತ್ಯವಾದ ಸ್ಥಳದಲ್ಲಿ ಅವರ ಉಪಯೋಗಕ್ಕೆ ಬರುತ್ತಿದೆಯೇ ಎಂದು ವಿಚಾರಿಸದೆ ಇರಲಾಗದು.

ಈ ಊರಿನ ಸ್ಥಿತಿ ತಮಗೆ ತಿಳಿಯದ್ದಲ್ಲ. ೧೮೮೦ರ ದಶಕದಿಂದ ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿ ನಡೆದು, ೧೯೫೬ರಲ್ಲಿ ಮೈಸೂರು ಸರ್ಕಾರದ ಕೈಗೂ, ೧೯೬೨ರಲ್ಲಿ ಕೇಂದ್ರ ಸರ್ಕಾರದ ಕೈಗೂ ಬಂದು, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರನ್ನು ತಾಳಿದ ಚಿನ್ನದ ಗಣಿಯು ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಮುಚ್ಚಿಹೋಯಿತು. ಗಣಿಗಾಗಿಯೇ ಬಂಗಾರಪೇಟೆಯಿಂದ ಮಾರಿಕುಪ್ಪಮಿನವರೆಗೆ ಹಾಕಿದ ಸುಮಾರು ೧೦ ಮೈಲಿಯ ರೈಲುಹಾದಿಯು ಈಗ ನಮ್ಮ ಜನರನ್ನು ಬೆಂಗಳೂರಿಗೆ ಸಾಗಿಸುತ್ತಿದೆ. ಕೋಳಿ ಕೂಗುವುದಕ್ಕೆ ಮುಂಚೆ ಎದ್ದು, ಬುತ್ತಿ ಕಟ್ಟಿಕೊಂಡು, ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಗಾಡಿ ಹತ್ತುವವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರು ಎಷ್ಟೋ ಮಂದಿ. ಸಿದ್ಧ ಉಡುಪಿನ ಕಾರ್ಖಾನೆ, ಬಟ್ಟೆಯಂಗಡಿ, ಆಸ್ಪತ್ರೆ, ಕಚೇರಿಗಳ ಶುಚಿಯ ಕೆಲಸ ಹೀಗೆ ಅವರ ದುಡಿಮೆಯು ಹಲವು ಬಗೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ಬಸ್ಸಿಗಾಗಿ ಕಾದು ನಿಲ್ಲುವವರು ಬೇರೆ. ತಂದೆಯ ಗಣಿಯ ಸಂಬಳದಿಂದ ನಡೆಯುತ್ತಿದ್ದ ಸಂಸಾರವು ಎಷ್ಟೋ ಮನೆಗಳಲ್ಲಿ ಮಗಳ ಸಂಬಳದಿಂದ ನಡೆಯುವಂತಾಗಿದೆ.

ದುಡಿಯುವವರ ರಕ್ಷಣೆ ಎಂಬುದು ತಾನಾಗಿ ಬಂದುದಲ್ಲವೆಂಬುದಕ್ಕೆ ನಮ್ಮ ಊರಿನ ಚರಿತ್ರೆಯೇ ಸಾಕ್ಷಿ. ೧೯೩೦ರಲ್ಲಿ ಗಣಿಯ ಕೆಲಸಗಾರರ ಹೆಸರನ್ನು ದಾಖಲು ಮಾಡಿ ಅವರ ಬೆರಳಚ್ಚನ್ನು ತೆಗೆದುಕೊಳ್ಳುವ ಏರ್ಪಾಡು ಹೊರಟಾಗ, ಸಾವಿರಾರು ಮಂದಿ ಕೆಲಸ ಬಿಟ್ಟು ಮುಷ್ಕರ ಹೂಡಿದರು. ನನಗೆ ಆ ಪ್ರಸಂಗದಲ್ಲಿ ಎದ್ದು ಕಾಣುವುದು ಒಂದೇ ಅಂಶ: ಕೆಲಸಗಾರನನ್ನು ಕುರಿತ ಕಾಗದವು ಧಣಿಯ ಪೆಟ್ಟಿಗೆಯಲ್ಲಿ ಭದ್ರವಾಗಿರಬೇಕೆಂದು ಯೋಚಿಸಿದವರಿಗೆ, ಧಣಿಯ ಕರ್ತವ್ಯವನ್ನು ಕುರಿತ ಕಾಗದವು ಕೆಲಸಗಾರನ ಕೈಯಲ್ಲೂ ಇರಬೇಕೆಂಬುದು ಹೊಳೆಯಲಿಲ್ಲ. ೧೯೪೬ರ ನವೆಂಬರಿನಲ್ಲಿ ಮುಷ್ಕರದ ಸಮಯದಲ್ಲಿ ಪೊಲೀಸರು ಗುಂಡು ಹಾರಿಸಿ ೬ ಮಂದಿ ಕೆಲಸಗಾರರು ಪ್ರಾಣ ಕಳೆದುಕೊಂಡರು. ಅದೇ ದಶಕದಲ್ಲಿ ಗಣಿಯವರ ಎದೆಯ ಪರೀಕ್ಷೆ ನಡೆದಾಗ, ಪರೀಕ್ಷೆಗೊಳಗಾದವರಲ್ಲಿ ನೂರಕ್ಕೆ ೪೦ಕ್ಕಿಂತ ಹೆಚ್ಚು ಮಂದಿಯಲ್ಲಿ ಕಲ್ಲುಪುಡಿಯಿಂದ ಬರುವ ಸಿಲಿಕೋಸಿಸ್ ರೋಗವು ಕಂಡುಬಂದಿತು. ನೆಲದೊಳಗೆ ೩ ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರ ಕೆಮ್ಮನ್ನು ಕೇಳಿ ಬೆಳೆದವರು ಈ ಸಂಚಿಕೆಯ ವಾಚಕರಲ್ಲಿ ಅನೇಕರಿದ್ದಾರೆ. ಅವರಿಗೆ ಆ ರೋಗದ ವಿವರವನ್ನು ನಾನು ಹೇಳಬೇಕಾಗಿಲ್ಲ.

ಈಗ ಸರ್ಕಾರದ ಧೋರಣೆಯು ಎಲ್ಲಿಗೆ ಬಂದಿದೆ ಎಂಬುದನ್ನು ನೋಡೋಣ. ೨೦೨೫ನೆಯ ನವೆಂಬರ್ ೨೧ರಂದು ಕೇಂದ್ರ ಸರ್ಕಾರವು ಕಾರ್ಮಿಕರಿಗೆ ಸಂಬಂಧಪಟ್ಟ ೨೯ ಕಾಯಿದೆಗಳನ್ನು ೪ ಸಂಹಿತೆಗಳಾಗಿ ಕೂಡಿಸಿ ಜಾರಿಗೆ ತಂದಿತು. ಅವುಗಳಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಉಪಯುಕ್ತವಾದ ಅಂಶಗಳು ಕಡಿಮೆಯೇನಲ್ಲ. ಕೆಲಸಕ್ಕೆ ಸೇರಿದವರಿಗೆ ನೇಮಕಾತಿ ಪತ್ರವನ್ನು ಕೊಡತಕ್ಕದ್ದು. ತಿಂಗಳ ಸಂಬಳವನ್ನು ಮುಂದಿನ ತಿಂಗಳ ೭ನೆಯ ತಾರೀಖಿನೊಳಗೆ ಪಾವತಿ ಮಾಡತಕ್ಕದ್ದು, ಸಂಬಳದ ಚೀಟಿಯನ್ನೂ ಕೊಡತಕ್ಕದ್ದು. ಗೊತ್ತಾದ ಹೊತ್ತನ್ನು ಮೀರಿ ದುಡಿಸಿದರೆ ಎರಡರಷ್ಟು ದರದಲ್ಲಿ ಕೂಲಿ ಸಲ್ಲತಕ್ಕದ್ದು. ಒಂದೇ ಬಗೆಯ ಕೆಲಸಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಸಂಬಳವಿರಕೂಡದು. ಗೊತ್ತಾದ ಅವಧಿಗೆ ನೇಮಕವಾದವರಿಗೂ ಒಂದು ವರ್ಷದ ಸೇವೆಯ ಮೇಲೆ ಗ್ರಾಚ್ಯುಟಿ ದೊರೆಯಬೇಕು. ೨೦೧೭ರಲ್ಲಿ ಮೊದಲ ಎರಡು ಹೆರಿಗೆಗಳಿಗೆ ೨೬ ವಾರಗಳಿಗೇರಿದ ಸಂಬಳಸಹಿತ ರಜವೂ, ೫೦ ಮಂದಿಗೆ ಕಡಿಮೆಯಿಲ್ಲದ ಕಡೆ ಶಿಶುಪಾಲನಾಲಯವೂ ಮುಂದುವರಿದಿವೆ. ೨೦೧೩ರ ಕಾಯಿದೆಯ ಪ್ರಕಾರ ೧೦ ಮಂದಿ ದುಡಿಯುವ ಯಾವ ಸ್ಥಳದಲ್ಲಿಯೇ ಆಗಲಿ ಹೆಂಗಸರ ಮಾನಕ್ಕೆ ಧಕ್ಕೆ ತರುವ ನಡತೆಯ ದೂರನ್ನು ಕೇಳುವುದಕ್ಕೆ ಒಂದು ಸಮಿತಿಯಿರಬೇಕು. ಅದಕ್ಕಿಂತ ಸಣ್ಣ ಸ್ಥಳದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಇಷ್ಟನ್ನು ಮೆಚ್ಚಿದ ಮೇಲೆ ಮೆಚ್ಚಲಾಗದ್ದನ್ನೂ ಹೇಳುವುದು ನ್ಯಾಯ. ಯಂತ್ರಶಕ್ತಿಯನ್ನು ಉಪಯೋಗಿಸುವ ಸ್ಥಳದಲ್ಲಿ ಹಿಂದೆ ೧೦ ಮಂದಿಯಿದ್ದರೆ ಕಾರ್ಖಾನೆಯೆನಿಸುತ್ತಿತ್ತು; ಈಗ ೨೦ ಮಂದಿಯಿರಬೇಕು. ಗುತ್ತಿಗೆ ಕೆಲಸದ ನಿಯಮಗಳು ಹಿಂದೆ ೨೦ ಮಂದಿಯನ್ನು ಇಟ್ಟುಕೊಂಡ ಗುತ್ತಿಗೆದಾರನಿಗೂ ಅನ್ವಯಿಸುತ್ತಿದ್ದವು. ಈಗ ೫೦ ಮಂದಿ ಬೇಕು. ಸರ್ಕಾರದ ಅಪ್ಪಣೆಯಿಲ್ಲದೆ ಕೆಲಸಗಾರರನ್ನು ತೆಗೆದುಹಾಕಬಾರದೆಂಬ ಕಟ್ಟಳೆಯು ೧೦೦ ಮಂದಿಯ ಕಾರ್ಖಾನೆಯಿಂದ ೩೦೦ ಮಂದಿಯ ಕಾರ್ಖಾನೆಗೆ ಏರಿದೆ. ನಮ್ಮ ಹುಡುಗಿಯರು ದುಡಿಯುವುದು ಬಹುಮಟ್ಟಿಗೆ ಸಣ್ಣ ಸ್ಥಳಗಳಲ್ಲಿ, ಗುತ್ತಿಗೆದಾರನ ಮೂಲಕ. ಬಾಗಿಲಿಗೆ ಹೊಸ ಬೀಗವನ್ನು ಕೊಟ್ಟು ಗೋಡೆಯ ಎತ್ತರವನ್ನು ಕಡಿಮೆ ಮಾಡಿದಂತೆ ಇದು ನನಗೆ ತೋರುತ್ತದೆ. ಹೀಗಿರುವಲ್ಲಿ, ಉಳಿದಿರುವ ರಕ್ಷಣೆಯನ್ನಾದರೂ ಅವರು ಅಕ್ಷರಶಃ ತಿಳಿದಿರಬೇಕಾದ ಅಗತ್ಯವು ಮೊದಲಿಗಿಂತ ಹೆಚ್ಚಾಗಿದೆ.

ತಿಳಿವಳಿಕೆಯೂ ದೂರು ಹೇಳುವ ದಾರಿಯೂ ಇಲ್ಲದ ಕಡೆ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. ೨೦೨೦ನೆಯ ಡಿಸೆಂಬರ್ ೧೨ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರದಿಂದ ಹುಟ್ಟಿದ ಅಸಮಾಧಾನವು ಕಲ್ಲು ತೂರಾಟಕ್ಕೂ ಬೆಂಕಿಗೂ ತಿರುಗಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆಯ ಮೇಲಿದ್ದವರು. ಆ ಗಲಭೆಯನ್ನು ನಾನು ಸಮರ್ಥಿಸುವುದಿಲ್ಲ. ಯಂತ್ರವನ್ನು ಒಡೆದವನು ತನ್ನ ಜೊತೆಗಾರನ ಅನ್ನವನ್ನೇ ಒಡೆದನು. ಆದರೆ ಸರ್ಕಾರದ ಅಧಿಕಾರಿಗಳು ವಿಚಾರಣೆ ನಡೆಸಿದಾಗ, ಸಂಬಳವು ಕಡಿಮೆ ಸಂದಿದ್ದುದೂ, ಹಾಜರಿಯ ಲೆಕ್ಕ ಸರಿಯಿಲ್ಲದಿದ್ದುದೂ, ಹೆಂಗಸರನ್ನು ಅಪ್ಪಣೆಯಿಲ್ಲದೆ ಹೆಚ್ಚು ಹೊತ್ತು ದುಡಿಸಿದ್ದುದೂ ಹೊರಬಿದ್ದವು. ಈ ಲೆಕ್ಕಗಳು ತಿಂಗಳು ತಿಂಗಳಿಗೆ ಕಾಗದದ ಮೇಲೆ ಪ್ರತಿಯೊಬ್ಬರ ಕೈಗೂ ಬಂದಿದ್ದರೆ, ಕೇಳಿದವರಿಗೆ ಉತ್ತರ ದೊರೆತಿದ್ದರೆ, ಮಾತು ಕಲ್ಲಿಗೆ ತಿರುಗುತ್ತಿರಲಿಲ್ಲವೆಂದು ನನ್ನ ನಂಬಿಕೆ. ೨೦೨೩ರಲ್ಲಿ ಆ ಕಾರ್ಖಾನೆಯನ್ನು ಟಾಟಾ ಸಂಸ್ಥೆಯವರು ಕೊಂಡರು.

ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬಂದು, ಹತ್ತನೆಯ ತರಗತಿಯ ಅಂಕಪಟ್ಟಿಯ ಎರಡನೆಯ ಪ್ರತಿಯನ್ನು ಪಡೆಯುವುದು ಹೇಗೆಂದು ವಿಚಾರಿಸಿದಳು. ಮೂಲ ಪ್ರತಿ ಕಳೆದುಹೋಯಿತೇ ಎಂದರೆ, "ಇಲ್ಲ ಟೀಚರ್, ಕೆಲಸಕ್ಕೆ ಸೇರಿಸಿದ ಏಜೆಂಟರ ಹತ್ತಿರ ಇದೆ. ಕೆಲಸ ಬಿಟ್ಟೆನೆಂದು ಕೊಡುತ್ತಿಲ್ಲ" ಎಂದಳು. ಏನೆಂದು ಬರೆದುಕೊಟ್ಟಿದ್ದೆ ಎಂದು ಕೇಳಿದೆ. "ಎರಡು ಕಡೆ ರುಜು ಹಾಕಿಸಿಕೊಂಡರು. ಇಂಗ್ಲಿಷಿನಲ್ಲಿತ್ತು. ಹಿಂದೆ ಜನ ನಿಂತಿದ್ದರು, ಓದುವುದಕ್ಕೆ ನಾಚಿಕೆಯಾಯಿತು" ಎಂದಳು. ಈಕೆ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕುಳಿತು ಒಳ್ಳೆಯ ಅಂಕಗಳನ್ನು ಪಡೆದವಳು. ಅಜ್ಜಿಯಂದಿರು ಹೆಬ್ಬೆಟ್ಟು ಒತ್ತಿದ್ದಕ್ಕೂ, ಮೊಮ್ಮಗಳು ಓದದೆ ರುಜು ಹಾಕಿದ್ದಕ್ಕೂ ಫಲದಲ್ಲಿ ಏನು ವ್ಯತ್ಯಾಸ? ಮನೆಯಲ್ಲಿ ತಮಿಳೋ ತೆಲುಗೋ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಕಲಿತು, ಕೊನೆಗೆ ಇಂಗ್ಲಿಷ್ ಕಾಗದಕ್ಕೆ ರುಜು ಹಾಕಬೇಕಾದ ಹುಡುಗಿಯರ ಊರು ನಮ್ಮದು. ಆದುದರಿಂದ ನೇಮಕಾತಿ ಪತ್ರವೂ ಸಂಬಳದ ಚೀಟಿಯೂ ಕನ್ನಡದಲ್ಲಿಯೂ ಇರಬೇಕೆಂದು ರಾಜ್ಯ ಸರ್ಕಾರವು ಕಟ್ಟುನಿಟ್ಟಾಗಿ ವಿಧಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಈ ಮಾತುಗಳನ್ನು ಆಡಿದಾಗ ತಾಯಿತಂದೆಗಳಿಂದ ಬರುವ ಆಕ್ಷೇಪಣೆಯೊಂದುಂಟು. "ನಮ್ಮ ಹುಡುಗಿ ಪ್ರಶ್ನೆ ಕೇಳಿದರೆ ಇರುವ ಕೆಲಸವೂ ಹೋದೀತು. ಹೊಂದಿಕೊಂಡು ಹೋಗುವುದೇ ಲೇಸು." ಈ ಭಯವನ್ನು ಹಾಸ್ಯ ಮಾಡುವ ಅಧಿಕಾರ ನನಗಿಲ್ಲ, ಬಾಡಿಗೆ ಕಟ್ಟಬೇಕಾದವರು ಅವರು. ಆದರೆ ವಿನಯವಾಗಿ ಕೇಳಿದವರಿಗೆ ಸಿಕ್ಕಿದ ಫಲವನ್ನೂ ಅವರು ಗಮನಿಸಬೇಕು. ಕೇರಳದಲ್ಲಿ ಬಟ್ಟೆಯಂಗಡಿಗಳ ಹೆಂಗಸರು, ದಿನವೆಲ್ಲ ನಿಂತೇ ಇರಬೇಕಾದ ಕಷ್ಟವನ್ನು ವರ್ಷಗಟ್ಟಲೆ ಹೇಳಿಕೊಂಡುದರ ಫಲವಾಗಿ, ಅವರಿಗೆ ಕುಳಿತುಕೊಳ್ಳುವ ಆಸನ ಕೊಡಬೇಕೆಂಬ ಕಟ್ಟಳೆಯು ೨೦೧೮ರಲ್ಲಿ ಬಂದಿತು. ೨೦೨೧ರಲ್ಲಿ ನೆರೆಯ ತಮಿಳುನಾಡೂ ಹಾಗೆಯೇ ಮಾಡಿತು. ೨೦೧೬ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂತೆಗೆದುಕೊಳ್ಳಲು ನಿರ್ಬಂಧಗಳನ್ನು ಹಾಕಿದ ನಿಯಮವನ್ನು ವಿರೋಧಿಸಿ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ಹೆಂಗಸರು ಸಾವಿರಗಟ್ಟಲೆ ಬೀದಿಗಿಳಿದರು. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ಆಗಲೂ ಕೆಲವೆಡೆ ಗಲಭೆಯಾದುದು ವಿಷಾದಕರ. ಆದರೆ ಅವರಿಗೆ ನಿಯಮವೇನೆಂಬುದು ಗೊತ್ತಿತ್ತು, ತಮ್ಮ ಹಣವೆಷ್ಟೆಂಬುದು ಗೊತ್ತಿತ್ತು ಎಂಬುದನ್ನು ಮರೆಯಬಾರದು. ಹೊಂದಿಕೊಳ್ಳುವುದು ಸದ್ಗುಣವೇ, ಆದರೆ ತನ್ನ ಲೆಕ್ಕವನ್ನು ತಾನು ತಿಳಿಯದಿರುವುದು ಸದ್ಗುಣವಲ್ಲ.

ಇನ್ನೊಂದು ಆಕ್ಷೇಪಣೆಯು ವಿದ್ಯಾವಂತರಿಂದ ಬರತಕ್ಕದ್ದು. ಹೆಂಗಸರಿಗೆ ರಕ್ಷಣೆ ಹೆಚ್ಚಿದಷ್ಟೂ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಕಡಿಮೆಯಾಗುವರು ಎಂಬುದು ಅವರ ವಾದ. ೨೦೨೫ರ ನವೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರವು ತಿಂಗಳಿಗೊಂದು ದಿನದ ಸಂಬಳಸಹಿತ ಮುಟ್ಟಿನ ರಜವನ್ನು ಕೊಡಬೇಕೆಂದು ಆದೇಶ ಹೊರಡಿಸಿದಾಗಲೂ ಈ ಮಾತು ಕೇಳಿಬಂದಿತು. ಈ ವಾದದಲ್ಲಿ ತಿರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ರಕ್ಷಣೆಯೆಂಬ ಹೆಸರಿನಲ್ಲಿ ಬಾಗಿಲು ಮುಚ್ಚಿದ ಕಾಲವೂ ಇತ್ತು. ೧೯೪೮ರ ಕಾರ್ಖಾನೆ ಕಾಯಿದೆಯು ಹೆಂಗಸರಿಗೆ ರಾತ್ರಿಯ ಕೆಲಸವನ್ನು ನಿಷೇಧಿಸಿತ್ತು. ೧೯೫೨ರ ಗಣಿ ಕಾಯಿದೆಯು ನೆಲದೊಳಗಿನ ಕೆಲಸವನ್ನು ನಿಷೇಧಿಸಿತ್ತು. ನೆಲದೊಳಗಿನ ನಿಷೇಧವು ೨೦೧೯ರಲ್ಲಿ ಸಡಿಲವಾಯಿತು. ಈಗಿನ ಸಂಹಿತೆಯಂತೆ ಹೆಂಗಸು ತಾನು ಒಪ್ಪಿದರೆ ರಾತ್ರಿಯಲ್ಲಿಯೂ ದುಡಿಯಬಹುದು, ಆಕೆಯ ಭದ್ರತೆಯ ಭಾರವು ಧಣಿಯದು. ಬಾಗಿಲು ತೆರೆದುದು ಸರಿಯೇ. ಆದರೆ ಬೆಂಗಳೂರಿನಿಂದ ಬಂಗಾರಪೇಟೆಗೆ ಸುಮಾರು ೭೦ ಕಿಲೋಮೀಟರು. ಅಲ್ಲಿಂದ ಮನೆಗೆ ಇನ್ನೂ ದೂರ. ಮನೆಯ ಬಾಗಿಲಿನವರೆಗೆ ವಾಹನವಿಲ್ಲದಿದ್ದರೆ, ಒಪ್ಪದಿದ್ದವಳಿಗೆ ಕೆಲಸವೇ ಇಲ್ಲವೆಂದರೆ, ಆ ಒಪ್ಪಿಗೆಗೆ ಅರ್ಥವೇನು? ಒಪ್ಪುವ ಸ್ವಾತಂತ್ರ್ಯವು ಒಲ್ಲೆನೆನ್ನುವ ಸ್ವಾತಂತ್ರ್ಯದ ಜೊತೆಯಲ್ಲಿಯೇ ಇರತಕ್ಕದ್ದು. ಇದನ್ನು ನೋಡಿಕೊಳ್ಳಬೇಕಾದವರು ಕಾರ್ಮಿಕ ಇಲಾಖೆಯ ಅಧಿಕಾರಿಗಳು. ಕೇಳುವ ಅಧಿಕಾರಿ ಹತ್ತಿರದಲ್ಲಿಲ್ಲದೆ ಹೋದರೆ, ಎಷ್ಟು ಒಳ್ಳೆಯ ಕಾಯಿದೆಯಾದರೂ ಪುಸ್ತಕದಲ್ಲಿಯೇ ಉಳಿಯುತ್ತದೆ.

ಸರ್ಕಾರದ ಕೆಲಸವನ್ನು ಸರ್ಕಾರಕ್ಕೆ ನೆನಪಿಸುತ್ತ, ನಮ್ಮ ಪಾಲಿನದನ್ನು ನಾವು ಮಾಡಬೇಕು. ಹತ್ತನೆಯ ತರಗತಿಯ ಹುಡುಗಿಯು ಬಡ್ಡಿಯ ಲೆಕ್ಕವನ್ನು ಮಾಡಬಲ್ಲಳಾದರೆ ಸಂಬಳದ ಚೀಟಿಯ ಲೆಕ್ಕವನ್ನೂ ಮಾಡಬಲ್ಲಳು. ಭವಿಷ್ಯನಿಧಿಗೆ ಎಷ್ಟು ಕಡಿದರು, ಹೆಚ್ಚು ಹೊತ್ತಿನ ಕೂಲಿ ಎರಡರಷ್ಟು ಬಂದಿತೇ ಎಂಬುದು ಗಣಿತದ ಪಾಠವೇ ಆಗಬಹುದು. ನೇಮಕಾತಿ ಪತ್ರದ ಮಾದರಿಯನ್ನು ಓದಿಸುವುದು ಭಾಷೆಯ ಪಾಠವಾಗಬಹುದು. ಕಾರ್ಮಿಕ ಅಧಿಕಾರಿಗೆ ಅರ್ಜಿ ಬರೆಯುವುದನ್ನು, ರಜಾ ಚೀಟಿ ಬರೆಯುವುದರ ಜೊತೆಯಲ್ಲಿಯೇ ಕಲಿಸಬಹುದು. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ನಿಧಿಯೂ ಬೇಡ.

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನ ವಿಜ್ಞಾಪನೆ ಇದು. ಅನುಭವಸ್ಥರಾದ ತಾವು ವರ್ಷಕ್ಕೊಂದು ದಿನ ಶಾಲೆಗೆ ಬಂದು, ತಮ್ಮ ಹಳೆಯ ಚೀಟಿಗಳನ್ನೇ ಮುಂದಿಟ್ಟುಕೊಂಡು ಕಿರಿಯರಿಗೆ ತಿಳಿಸಿಕೊಡಿರಿ. ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿಯನ್ನು ತೋರಿಸಿರಿ, ಬಿಟ್ಟುಬರಬೇಡಿರಿ. ರುಜು ಹಾಕಿದ ಪ್ರತಿಯೊಂದು ಕಾಗದದ ನಕಲನ್ನು ಪಡೆದು ಮನೆಯಲ್ಲಿ ಜೋಪಾನವಾಗಿಡಿರಿ. ಪೋಷಕರಲ್ಲಿ ನನ್ನ ಪ್ರಾರ್ಥನೆ ಇದು. ಮಗಳು ತಂದ ಸಂಬಳವನ್ನು ಎಣಿಸುವ ಮೊದಲು ಆಕೆ ತಂದ ಚೀಟಿಯನ್ನು ಅವಳಿಂದಲೇ ಓದಿಸಿ ಕೇಳಿರಿ. ಆಕೆ ತನ್ನ ಧಣಿಯನ್ನು ಒಂದು ಪ್ರಶ್ನೆ ಕೇಳಿ ಬಂದ ದಿನ ಗದರಿಸಬೇಡಿರಿ. ನಾವು ಅವಳಿಗೆ ಓದು ಕಲಿಸಿದ್ದು ಕಾಗದದ ಮುಂದೆ ಅವಳು ತಲೆ ತಗ್ಗಿಸದಿರಲೆಂದು.