ಮನೆ ಬಿಚ್ಚುವ ವಿದ್ಯೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಆದರೆ ಕಟ್ಟಿ ಬಾಳಿದ ದೊಡ್ಡ ಮನೆಯೊಂದನ್ನು ಬಿಚ್ಚಿ, ಗಂಟುಮೂಟೆ ಕಟ್ಟಿ, ಸಮುದ್ರದಾಚೆಯ ನಾಡಿಗೆ ಸಂಸಾರಸಹಿತ ಹೊರಡುವ ಕಷ್ಟಕ್ಕೆ ತಕ್ಕ ಗಾದೆಯಿನ್ನೂ ಹುಟ್ಟಿಲ್ಲ. ಉದ್ಯೋಗಕ್ಕಾಗಿಯೋ ಮಕ್ಕಳ ಜೊತೆಯಲ್ಲಿರುವುದಕ್ಕಾಗಿಯೋ ಹೀಗೆ ಹೊರಡುವ ಕುಟುಂಬಗಳು ಇಂದು ಕನ್ನಡನಾಡಿನ ಯಾವ ಊರಿನಲ್ಲಿಯೂ ಅಪರೂಪವಲ್ಲ. ಹೊರಡುವ ದಿನ ಸಮೀಪಿಸಿದಂತೆಲ್ಲ ಆ ಮನೆಗಳಲ್ಲಿ ನಿದ್ರೆ ಕೆಡುವುದನ್ನೂ, ಮಾತು ಹರಿತವಾಗುವುದನ್ನೂ ನಾವು ಕಾಣುತ್ತೇವೆ. ಇದನ್ನು ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಇದಕ್ಕೆ ಕಾರಣಗಳುಂಟು, ಕಾರಣಗಳನ್ನು ತಿಳಿದರೆ ಉಪಾಯವೂ ಉಂಟು ಎಂಬುದು ನಮ್ಮ ಅಭಿಪ್ರಾಯ.

‘ಸ್ಟ್ರೆಸ್’ ಎಂಬ ಮಾತು ಮನಶ್ಶಾಸ್ತ್ರಕ್ಕೆ ಬರುವ ಮೊದಲೇ ಭೌತಶಾಸ್ತ್ರದಲ್ಲಿತ್ತು. ವಸ್ತುವಿನ ಮೇಲೆ ಬೀಳುವ ಬಲವನ್ನು ಅದು ಹರಡಿರುವ ವಿಸ್ತೀರ್ಣದಿಂದ ಭಾಗಿಸಿದರೆ ದೊರೆಯುವ ಪರಿಮಾಣವೇ ಪೀಡನ. ಹ್ಯಾನ್ಸ್ ಸೆಲಿ ಎಂಬ ವೈದ್ಯವಿಜ್ಞಾನಿ 1936ರಲ್ಲಿ ‘ನೇಚರ್’ ಪತ್ರಿಕೆಯ ಕಿರುಲೇಖನವೊಂದರಲ್ಲಿ, ಇಲಿಗಳನ್ನು ಬೇರೆ ಬೇರೆ ಬಗೆಯ ಬಾಧೆಗಳಿಗೆ ಗುರಿಮಾಡಿದರೂ ಅವುಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳು ಕಾಣಿಸಿದುವೆಂದು ವರದಿ ಮಾಡಿದರು. ಮುಂದೆ ಅವರು ಈ ಸ್ಥಿತಿಗೆ ಸ್ಟ್ರೆಸ್ ಎಂಬ ಪದವನ್ನೇ ಬಳಕೆಗೆ ತಂದರು. ಬಾಧೆ ಯಾವುದೇ ಆಗಲಿ, ದೇಹ ಕೊಡುವ ಉತ್ತರ ಬಹುಮಟ್ಟಿಗೆ ಒಂದೇ ಎಂಬುದು ಅವರ ವಾದದ ತಿರುಳು.

1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕದ ವೈದ್ಯರು ಜೀವನದ 43 ಘಟನೆಗಳಿಗೆ ಅಂಕಗಳನ್ನು ಕೊಟ್ಟು ಒಂದು ಪಟ್ಟಿಯನ್ನು ರಚಿಸಿದರು. ಪತಿ ಅಥವಾ ಪತ್ನಿಯ ಮರಣಕ್ಕೆ ಅದರಲ್ಲಿ 100 ಅಂಕ; ಮನೆ ಬದಲಾಯಿಸುವುದಕ್ಕೆ ಬರಿಯ 20. ಇಷ್ಟೇ ತಾನೆ ಎಂದು ವಾಚಕರು ಕೇಳಬಹುದು. ಆದರೆ ದೇಶಾಂತರ ಹೋಗುವಾಗ ಮನೆಯೊಂದೇ ಬದಲಾಗುವುದಿಲ್ಲ. ಬಾಳುವ ಪರಿಸರದ ಬದಲಾವಣೆಗೆ 25, ಶಾಲೆಯ ಬದಲಾವಣೆಗೆ 20, ಒಡನಾಟದ ಬದಲಾವಣೆಗೆ 18, ಊಟದ ಅಭ್ಯಾಸದ ಬದಲಾವಣೆಗೆ 15 ಅಂಕಗಳು ಅದೇ ಪಟ್ಟಿಯಲ್ಲಿವೆ. ಎಲ್ಲವನ್ನೂ ಕೂಡಿದರೆ 98! ಇಂಥ ಎಣಿಕೆ ಸ್ಥೂಲವಾದದ್ದು, ಕಷ್ಟವನ್ನು ತಕ್ಕಡಿಯಲ್ಲಿ ತೂಗಲಾಗದು ಎಂಬುದು ನಿಜ. ಆದರೂ ಸಣ್ಣ ಭಾರಗಳು ಒಟ್ಟಿಗೆ ಬಂದಾಗ ದೊಡ್ಡ ಭಾರವಾಗುತ್ತವೆಂಬ ತತ್ತ್ವವನ್ನು ಅದು ಚೆನ್ನಾಗಿ ತೋರಿಸುತ್ತದೆ.

ಇನ್ನು ವಸ್ತುಗಳ ಲೆಕ್ಕ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಘನಗಾತ್ರ 1440 ಘನ ಅಡಿ, ಎಂದರೆ ಸುಮಾರು 41 ಘನ ಮೀಟರು. ಹಡಗಿನಲ್ಲಿ ಹೋಗುವ 20 ಅಡಿಯ ಕಂಟೇನರಿನ ಒಳಗಾತ್ರವೋ ಸುಮಾರು 33 ಘನ ಮೀಟರು. ಹತ್ತು ಕೋಣೆಗಳ ತೊಟ್ಟಿಮನೆಯ ಬಾಳು ಒಂದು ಕೋಣೆಗಿಂತಲೂ ಚಿಕ್ಕದಾದ ಪೆಟ್ಟಿಗೆಯೊಳಗೆ ಅಡಗಬೇಕು! ಒಂದು ಘನ ಅಡಿ ಗ್ರಾನೈಟ್ ಕಲ್ಲು ಸುಮಾರು 75 ಕಿಲೋಗ್ರಾಂ ತೂಗುವುದರಿಂದ ಅಜ್ಜಿಯ ಒರಳುಕಲ್ಲು ವಿಮಾನದ 23 ಕಿಲೋಗ್ರಾಂ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡುವುದು ಅಸಾಧ್ಯವೇ ಸರಿ. ವಿದ್ಯುತ್ತಿನ ಉಪಕರಣಗಳ ಪಾಡೂ ಅಷ್ಟೆ. ನಮ್ಮಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120 ವೋಲ್ಟ್. ಶಕ್ತಿಯು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಇಲ್ಲಿಯ ನೀರು ಕಾಯಿಸುವ ಸಾಧನ ಅಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪವೇ ಹೆಚ್ಚಾದ ಶಾಖವನ್ನು ಕೊಟ್ಟೀತು.

ಕಾನೂನಿನ ಗೋಡೆಗಳೂ ಉಂಟು. ನೂರು ವರ್ಷಕ್ಕೆ ಹಳೆಯದಾದ ವಿಗ್ರಹ ಮೊದಲಾದ ಪುರಾತನ ವಸ್ತುಗಳನ್ನಾಗಲಿ, ಎಪ್ಪತ್ತೈದು ವರ್ಷ ದಾಟಿದ, ಶಾಸ್ತ್ರ, ಚರಿತ್ರೆ ಅಥವಾ ಸಾಹಿತ್ಯದ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿಗಳನ್ನಾಗಲಿ ಖಾಸಗಿಯವರು ದೇಶದ ಹೊರಗೆ ಸಾಗಿಸುವುದನ್ನು 1972ರ ಅಧಿನಿಯಮವು ನಿಷೇಧಿಸಿದೆ. ಸರಕು ತುಂಬುವ ಮರದ ಪೆಟ್ಟಿಗೆಗೂ ಅಂತರರಾಷ್ಟ್ರೀಯ ನಿಯಮವಿದೆ: ಕೀಟಗಳು ದೇಶದಿಂದ ದೇಶಕ್ಕೆ ಹರಡದಂತೆ ಮರದ ತಿರುಳನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುವುದು ಅದು ಒಪ್ಪುವ ವಿಧಾನಗಳಲ್ಲೊಂದು.

ಹೀಗಿರುವಲ್ಲಿ, ಹಣ ಕೊಟ್ಟರೆ ಕಟ್ಟಿಕೊಡುವವರಿದ್ದಾರಲ್ಲ, ಚಿಂತೆಯೇಕೆ ಎಂದು ಕೆಲವರು ಹೇಳುವುದುಂಟು. ಈ ಮಾತನ್ನು ನಾವು ಒಪ್ಪೆವು. ನಿರ್ಧಾರವಾದ ವಸ್ತುವನ್ನು ಕಟ್ಟುವುದು ಕೂಲಿಯ ಕೆಲಸ. ನಿರ್ಧರಿಸುವುದು ಮನೆಯವರ ಕೆಲಸ. ಮನೆಯಲ್ಲಿ 3000 ವಸ್ತುಗಳಿವೆಯೆಂದು ಇಟ್ಟುಕೊಳ್ಳೋಣ. ಒಯ್ಯುವುದೋ, ಕೊಡುವುದೋ, ಮಾರುವುದೋ, ಎಸೆಯುವುದೋ ಎಂದು ಒಂದೊಂದಕ್ಕೆ ಒಂದೊಂದೇ ನಿಮಿಷ ಯೋಚಿಸಿದರೂ 50 ಗಂಟೆಗಳಾದುವು. ಅದರ ಮೇಲೆ, ನಮ್ಮದೆಂದೊಡನೆ ವಸ್ತುವಿನ ಬೆಲೆ ನಮ್ಮ ಕಣ್ಣಿಗೆ ಏರುತ್ತದೆ. ಕಾನ್‌ಮನ್, ಕ್ನೆಟ್ಚ್ ಮತ್ತು ಥೇಲರ್ ಎಂಬುವರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಾಮಾನ್ಯವಾದ ಕಾಫಿ ಬಟ್ಟಲೊಂದನ್ನು ಆಗತಾನೆ ಪಡೆದವರು ಅದನ್ನು ಮಾರಲು ಕೇಳಿದ ಬೆಲೆ, ಕೊಳ್ಳುವವರು ಕೊಡಲೊಪ್ಪಿದ ಬೆಲೆಯ ಎರಡರಷ್ಟಕ್ಕೂ ಮಿಗಿಲಾಗಿತ್ತು. ಕ್ಷಣಕಾಲದ ಒಡೆತನವೇ ಹೀಗೆ ಮಾಡುವುದಾದರೆ, ನಲವತ್ತು ವರ್ಷ ಕೈಯಾಡಿಸಿದ ಹಿತ್ತಾಳೆಯ ಹಂಡೆಯನ್ನು ಬಿಟ್ಟುಕೊಡುವಾಗ ತಾಯಿಯ ಕೈ ತಡೆದರೆ ಆಶ್ಚರ್ಯವೇನು? ಆಕೆಯ ಹಿಂಜರಿಕೆ ಮೊಂಡುತನವಲ್ಲ; ಮನುಷ್ಯಮಾತ್ರರ ಸ್ವಭಾವ.

ನಮ್ಮ ಮುಖ್ಯವಾದ ಆಕ್ಷೇಪಣೆ ಇಲ್ಲಿದೆ. ಅನೇಕ ಮನೆಗಳಲ್ಲಿ ಹೊರಡಬೇಕೆಂಬ ತೀರ್ಮಾನ ಕಿರಿಯರದು. ಬಿಚ್ಚುವ ಭಾರವೆಲ್ಲ ಹಿರಿಯರದು, ಅದರಲ್ಲಿಯೂ ಹೆಂಗಸರದು. ಕಡೆಯ ಎರಡು ವಾರಗಳಲ್ಲಿ, ಒಂದೇ ಜೋಡಿ ಹೆಗಲ ಮೇಲೆ ಅದೆಲ್ಲವೂ ಬೀಳುತ್ತದೆ. ಪೀಡನದ ಸೂತ್ರವನ್ನು ವಾಚಕರು ಮತ್ತೆ ನೆನೆಯಬೇಕು. ಮನೆ ಬಿಡುವ ನೋವು ಎಂಬ ಬಲವನ್ನು ಕಡಮೆ ಮಾಡುವುದು ಯಾರಿಂದಲೂ ಆಗದು. ಆದರೆ ಅದು ಹರಡುವ ವಿಸ್ತೀರ್ಣವನ್ನು ಹೆಚ್ಚಿಸುವುದು ನಮ್ಮ ಕೈಯಲ್ಲಿದೆ. ಆ 50 ಗಂಟೆಗಳ ಕೆಲಸವನ್ನು ದಿನಕ್ಕೆ ಎರಡು ಗಂಟೆಯಂತೆ ಹರಡಿದರೆ 25 ದಿನಗಳಲ್ಲಿ ಮುಗಿಯುತ್ತದೆ. ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಅರ್ಧ ಗಂಟೆ. ಪಠ್ಯಪುಸ್ತಕಗಳು, ಹಳೆಯ ಬಟ್ಟೆಗಳು ಮುಂತಾದ ಸುಲಭವಾದುವನ್ನು ಮೊದಲು ತೀರ್ಮಾನಿಸಬೇಕು. ಭಾವನೆ ಅಂಟಿದ ವಸ್ತುಗಳಿಗೆ ಕಾಲಾವಕಾಶ ಕೊಡಬೇಕು. ಒಯ್ಯಲಾಗದ ಓಲೆಗರಿಯ ಕಟ್ಟುಗಳನ್ನು ರದ್ದಿಗೆ ಹಾಕದೆ, ಹಸ್ತಪ್ರತಿ ಭಂಡಾರವುಳ್ಳ ಸಂಸ್ಥೆಗೆ ಒಪ್ಪಿಸಬೇಕು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸ್ಥಳಗಳಿರುವುದು ಅದಕ್ಕಾಗಿಯೇ. ಒರಳುಕಲ್ಲನ್ನು ಬಿಟ್ಟುಹೋದರೂ ಅದು ಯಾರ ಕಾಲದಲ್ಲಿ, ಎಲ್ಲಿಂದ ಬಂದಿತೆಂಬ ವಿವರವನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಬಹುದು. ಕಾಗದಕ್ಕೆ ತೂಕ ಕಡಮೆ.

ವಿದ್ಯಾರ್ಥಿಮಿತ್ರರಲ್ಲಿ ಅನೇಕರು ಮುಂದೆ ಪರದೇಶಗಳಿಗೆ ಹೋಗುವವರು. ಕೆಲವರ ಅಣ್ಣ ಅಕ್ಕಂದಿರು ಈಗಲೇ ಅಲ್ಲಿರಬಹುದು. ಹೋಗುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಹೊರಡುವ ಹಕ್ಕಿನೊಡನೆ ಬಿಚ್ಚುವ ಹೊಣೆಯೂ ಬರುತ್ತದೆಂಬುದಷ್ಟೇ ನಮ್ಮ ಮಾತು. ಅದಕ್ಕೆ ವೀಸಾ ಕೈಸೇರುವವರೆಗೆ ಕಾಯಬೇಕಾಗಿಲ್ಲ. ಬರುವ ರಜೆಯಲ್ಲಿ ಮನೆಯ ಅಟ್ಟದ ಒಂದು ಮೂಲೆಯನ್ನು ತಂದೆತಾಯಿಯರೊಡನೆ ಕುಳಿತು ವಿಂಗಡಿಸಿದರೆ ಆ ಕೆಲಸ ಆರಂಭವಾದಂತೆಯೇ.